ಸರ್ವರ್ ಬರೆದ ಪಾಳಿ

ಸೆಪ್ಟೆಂಬರ್ 4, ಗುರುವಾರ

ಸರ್ವರ್ ಬಂತು. ಮೆಣಸಿನಕಾಯಿ ಹೇರಿದ ಟೆಂಪೊದಲ್ಲಿ ಎರಡು ಚೀಲಗಳ ನಡುವೆ ಕೂತು ಬಂತು. ಪೆಟ್ಟಿಗೆ ಬಿಚ್ಚಿದವಳು ನಾನು, ಮೊದಲು ಬಂದದ್ದು ಸೀನು.

ಅದನ್ನು ಎಲ್ಲಿಡಬೇಕೆಂದು ನಿರ್ದೇಶಕ ಮಂಡಳಿ ಒಂದೂವರೆ ತಾಸು ಸಭೆ ಮಾಡಿತು. ಅಧ್ಯಕ್ಷ ಸಂಗನಬಸವ ಅವರ ಕೋಣೆಯಲ್ಲಿ ಏಸಿ ಇದೆ. ಆದರೆ ಅದು ಅಧ್ಯಕ್ಷರ ಏಸಿ. ಕಡೆಗೆ ಗೊಬ್ಬರದ ಹಳೇ ಗೋದಾಮಿನ ಮೂಲೆ ಕೋಣೆ ಸಿಕ್ಕಿತು. ಯೂರಿಯಾ ವಾಸನೆ, ಒಂದು ಟೇಬಲ್ ಫ್ಯಾನ್, ಬೇಕಾದಷ್ಟು ಇಲಿ. ನಾನು ಬಂದದ್ದು ಇಲಿಗಳಿಗೆ ಇಷ್ಟವಾಗಿಲ್ಲ.

ಮುಂದೆ ಮರೆತೀತೆಂದು ಬರೆದಿಡುತ್ತೇನೆ. ಕಲಘಟಗಿಯ ನಮ್ಮ ರೈತ ಯಂತ್ರ ಸಂಘಕ್ಕೆ ಐದು ಊರಲ್ಲಿ ಶಾಖೆ, ಶಾಖೆಗೊಂದು ಕಂಪ್ಯೂಟರ್, ಊರಿಗೊಂದು ಕಟಾವು ಯಂತ್ರ. ಸೋಯಾ ಬಲಿತಾಗ ಎಲ್ಲರಿಗೂ ಯಂತ್ರ ಒಂದೇ ದಿನ ಬೇಕು. ಯಾರ ಹೊಲ ಮೊದಲು, ಯಾರದು ಆಮೇಲೆ ಎಂಬ ಪಾಳಿಯನ್ನು ಇಷ್ಟು ವರ್ಷ ಮಡಿವಾಳೆಪ್ಪ ಎಂಬ ಮುದುಕ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಇನ್ನು ಮೇಲೆ ಶಾಖೆಗಳು ಹೊಲದ ವಿವರ ಕಳಿಸುತ್ತವೆ. ಸರ್ವರ್ ಒಂದೊಂದೇ ಲೆಕ್ಕವನ್ನು ಸರದಿಯಲ್ಲಿ ಎತ್ತಿಕೊಂಡು, ಬೆಳೆ ಬಲಿತ ದಿನ, ದೂರ, ಡೀಸೆಲ್ ಎಲ್ಲವನ್ನೂ ತೂಗಿ, ಲಕ್ಷಗಟ್ಟಲೆ ಪಾಳಿಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದೊಂದನ್ನು ಆರಿಸಿ ಶಾಖೆಗೆ ವಾಪಸು ಕಳಿಸುತ್ತದೆ. ಸದಸ್ಯರ ಮೊಬೈಲಿಗೆ ಸಂದೇಶವೂ ತಾನೇ ಹೋಗುತ್ತದೆ. ನಡುವೆ ಮನುಷ್ಯರ ಕೈ ತಾಗುವುದಿಲ್ಲ. ಸಂದರ್ಶನದಲ್ಲಿ ಈ ಮಾತು ಹೇಳಿದ್ದಕ್ಕೇ ನನಗೆ ಈ ಕೆಲಸ ಸಿಕ್ಕಿದ್ದು.

ಸೆಪ್ಟೆಂಬರ್ 9, ಮಂಗಳವಾರ

ಉದ್ಘಾಟನೆ. ಸರ್ವರಿನ ಹಣೆ ಯಾವುದೆಂದು ಸ್ವಲ್ಪ ಚರ್ಚೆಯಾಗಿ, ಫ್ಯಾನಿನ ಜಾಲರಿಯ ಮೇಲೆ ಮೂರು ಬೆರಳ ವಿಭೂತಿ ಬಿತ್ತು. ಕಾಯಿ ಒಡೆದ ನೀರು ಯುಪಿಎಸ್ ಮೇಲೆ ಸಿಡಿಯದಂತೆ ನಾನು ಸೆರಗು ಅಡ್ಡ ಹಿಡಿದು ನಿಂತಿದ್ದೆ. ಎಲ್ಲರೂ ಅದನ್ನು ಭಕ್ತಿ ಎಂದುಕೊಂಡರು.

ಅಧ್ಯಕ್ಷರು ಗುಂಡಿ ಒತ್ತಿ ಚಾಲನೆ ನೀಡುವರು ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಸರ್ವರ್ ಮೂರು ದಿನದಿಂದ ನಡೆಯುತ್ತಲೇ ಇತ್ತು. ಅವರು ಒತ್ತಿದರು, ಅದು ಬಂದ್ ಆಯಿತು. ಜೋರು ಚಪ್ಪಾಳೆ.

"ಎಷ್ಟ ಶಾಂತ ಆತ ನೋಡ್ರಿ," ಎಂದರು ಅಧ್ಯಕ್ಷರು. "ಇಷ್ಟೊತ್ತನಾ ಭಾಳ ಗುಂಯ್ ಅಂತಿತ್ತು."

ಮಡಿವಾಳೆಪ್ಪ ಬಾಗಿಲ ಬಳಿ ನಿಂತಿದ್ದ. ಎಲ್ಲರೂ ಉಪ್ಪಿಟ್ಟಿಗೆ ಹೋದ ಮೇಲೆ ಒಳಗೆ ಬಂದು ಸರ್ವರನ್ನು ದಿಟ್ಟಿಸಿ, "ಇದಕ್ಕ ಹೊಲಾ ನೋಡಿ ಗೊತ್ತೈತೇನ್ರಿ ಮೇಡಂ?" ಎಂದ. ನೋಡುವ ಅಗತ್ಯವಿಲ್ಲ, ಸಂಖ್ಯೆ ಸಾಕು ಎಂದೆ. "ಹಂಗಾರ ಆರಾಮ ಬಿಡ್ರಿ," ಎಂದು ತನ್ನ ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟು ಹೋದ. ರಟ್ಟಿನ ತುಂಬ ಚಹಾದ ಕಲೆ.

ಸೆಪ್ಟೆಂಬರ್ 12, ಶುಕ್ರವಾರ

ಬೆಳಿಗ್ಗೆ ಬಂದು ನೋಡಿದರೆ ಸರದಿಗೆ ತೊಂಬತ್ತು ಲೆಕ್ಕಗಳು ಬಂದು ಬಿದ್ದಿವೆ. ಇರುವುದು ಐದೇ ಶಾಖೆ. ದುಮ್ಮವಾಡ ಶಾಖೆಯ ಈರೇಶ ಒಂದೇ ಲೆಕ್ಕವನ್ನು ನಲವತ್ತಮೂರು ಸಲ ಕಳಿಸಿದ್ದಾನೆ. ಫೋನ್ ಮಾಡಿ ಬೈದೆ.

"ಮೊದಲ್ನೇ ಸಲ ಎಡಕ್ಕ ಬಿತ್ರಿ ಮೇಡಂ," ಎಂದ. "ಬಲಕ್ಕ ಬೀಳೂತನಾ ಕೇಳಬೇಕಲ್ರಿ."

ಗುಡಿಯಲ್ಲಿ ಲಿಂಗಕ್ಕೆ ಹೂ ಅಂಟಿಸಿ ಪ್ರಸಾದ ಕೇಳುವ ಲೆಕ್ಕ ಇದು. ಬೇಕಾದ ಕಡೆ ಹೂ ಬೀಳುವವರೆಗೆ ಕೂತಿರುವುದು. ನಲವತ್ತಮೂರು ಸಲವೂ ಸರ್ವರ್ ಅದೇ ಉತ್ತರ ಕೊಟ್ಟಿದೆ, ಪಾಪ. ಈರೇಶನ ಪ್ರಕಾರ ಅದು ಸಿಟ್ಟಾಗಿದೆ, ಒಂದು ಕಾಯಿ ಒಡೆಯಬೇಕು.

ಇದು ಸಾಲದೆಂದು ಎಲ್ಲ ಶಾಖೆಗಳೂ ಎಲ್ಲ ಹೊಲಗಳಿಗೂ 'ಭಾಳ ಅರ್ಜೆಂಟ್' ಎಂದು ಗುರುತು ಹಾಕಿವೆ. ಒಬ್ಬರು ಬಿಟ್ಟ ಜಾಗದಲ್ಲಿ ಕೈಯಾರೆ 'ಅರ್ಜೆಂಟ್‌ಕ್ಕಿಂತ ಅರ್ಜೆಂಟ್' ಎಂದು ಸೇರಿಸಿದ್ದಾರೆ. ಶಾಖೆಗೆ ದಿನಕ್ಕೊಂದೇ ಲೆಕ್ಕ ಎಂದು ಕಟ್ಟು ಹಾಕಿದೆ. ಅರ್ಜೆಂಟ್ ಎಂಬ ಅಂಕಣವನ್ನೇ ಕಿತ್ತೆಸೆದೆ. ಈಗ ಯಾರಿಗೂ ಅರ್ಜೆಂಟ್ ಇಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಮುದುಕನ ನೋಟ್‌ಬುಕ್ ಓದಿದೆ. ನಕ್ಕು ನಕ್ಕು ಸಾಕಾಯಿತು.

ಮುತ್ತಲಕೊಪ್ಪ ಶಾಖೆ, ಅಂದರೆ ಅಧ್ಯಕ್ಷರ ಊರು. ಅರವತ್ತೊಂದು ಹೊಲ. ಪ್ರತಿ ವರ್ಷ, ತಪ್ಪದೆ, ಹಂಗಾಮಿನಲ್ಲಿ ಮೂರು ಸಲ ಒಂದೇ ನಮೂದು: 'ಬೆಲ್ಟ್ ಹರಿದಿದೆ. ಹಳ್ಳ ದಾಟಿ ಹುಣಸೆ ಮರದ ಕೆಳಗೆ ನಿಲ್ಲಿಸಿ ದುರಸ್ತಿ. ನಾಲ್ಕು ತಾಸು.' ಹನ್ನೊಂದು ವರ್ಷದಲ್ಲಿ ಮೂವತ್ತಮೂರು ಬೆಲ್ಟ್! ಊರ ಯಾವ ಮೂಲೆಯಲ್ಲಿ ಹರಿದರೂ ಈ ಬೆಲ್ಟು ಪ್ರಾಣ ಹಿಡಿದುಕೊಂಡು ಹಳ್ಳ ದಾಟಿ ಅದೇ ಮರದ ಕೆಳಗೇ ಬಂದು ಸಾಯುತ್ತದೆ. ಡ್ರೈವರ್ ಹಜರತಅಲಿ ಮತ್ತು ಮುದುಕ ಸೇರಿ ನೆರಳಲ್ಲಿ ಚುರುಮುರಿ ತಿಂದು ಮಲಗುವ ವ್ಯವಸ್ಥೆ ಎಂಬುದು ಹಸುಗೂಸಿಗೂ ತಿಳಿಯುತ್ತದೆ.

ಹೊಸ ಬೆಲ್ಟ್ ಹಾಕಿಸಲು ಚೀಟಿ ಬರೆದೆ. ದುರಸ್ತಿಯ ಹನ್ನೆರಡು ತಾಸನ್ನು ಲೆಕ್ಕದಿಂದ ತೆಗೆದೆ. ಹನ್ನೆರಡು ತಾಸೆಂದರೆ ಯಂತ್ರದ ಒಂದು ಪೂರ್ತಿ ದಿನ ಉಳಿತಾಯ. ಮಂಡಳಿಗೆ ವರದಿ ಕಳಿಸುವಾಗ 'ಸೋಮಾರಿತನ' ಎಂಬ ಪದ ಬಳಸಿದೆ, ಆಮೇಲೆ 'ಅಪವ್ಯಯ' ಎಂದು ತಿದ್ದಿದೆ. ನನಗೂ ಸೌಜನ್ಯವಿದೆ.

ಸೆಪ್ಟೆಂಬರ್ 19, ಶುಕ್ರವಾರ

ಮುತ್ತಲಕೊಪ್ಪದ ಪಾಳಿ ನಾಲ್ಕು ಸೆಕೆಂಡಿನಲ್ಲಿ ಬಂತು. ಮುದುಕನಿಗೆ ಎಂಟು ದಿನ ಬೇಕಾಗುತ್ತಿತ್ತಂತೆ. ಅರವತ್ತೊಂದು ಮೊಬೈಲುಗಳಿಗೆ ಸಂದೇಶವೂ ಹೋಯಿತು. ಐದು ನಿಮಿಷಕ್ಕೆ ಅಧ್ಯಕ್ಷರು ಗೋದಾಮಿಗೆ ಬಂದರು. ಈ ಕಡೆ ಅವರು ಕಾಲಿಟ್ಟದ್ದು ಉದ್ಘಾಟನೆಯ ಮೇಲೆ ಇದೇ ಮೊದಲು.

"ನಾನು ಇಪ್ಪತ್ಮೂರನೇದಾಂವ," ಎಂದರು. ನಿಮ್ಮ ಸೋಯಾ ತಡವಾಗಿ ಬಿತ್ತಿದ್ದು ಎಂದು ವಿವರಿಸಿದೆ. "ಅದಿರ್ಲಿ ಬಿಡ್ರಿ. ನಾಕನೇದಾಕಿ ಯಾರು?"

ನೋಡಿದೆ. ಯಾರೋ ಹನಮವ್ವ. ಹಳ್ಳದಾಚೆ ಮೂರು ಎಕರೆ, ಎಲ್ಲರಿಗಿಂತ ಮೊದಲು ಬಿತ್ತಿದವರಲ್ಲಿ ಒಬ್ಬಳು.

"ಶೈಲಶ್ರೀಯವರ, ಹಳ್ಳದ ಆಚಿ ಹೊಲಾ ಎಲ್ಲಾ ಮೊದ್ಲಿಂದ್ಲೂ ಕಡೀಕ."

ಯಾಕೆ ಎಂದೆ.

"ಯಾಕಂದ್ರ? ರೂಢಿ ರೀ."

ರೂಢಿಯನ್ನು ತುಂಬಲು ಸರ್ವರಿನಲ್ಲಿ ಅಂಕಣವಿಲ್ಲ ಎಂದೆ. ಅವರು ಹೋದರು. ಈ ಮಾತು ಹೇಳಿದ್ದಕ್ಕೆ ನನಗೆ ನನ್ನ ಮೇಲೇ ಬಹಳ ಅಭಿಮಾನ ಬಂದು, ದಾರಿಯಲ್ಲಿ ನೂರು ಗ್ರಾಂ ಪೇಡೆ ತೆಗೆದುಕೊಂಡು ಒಬ್ಬಳೇ ತಿಂದೆ.

ಸೆಪ್ಟೆಂಬರ್ 22, ಸೋಮವಾರ

ಅಧ್ಯಕ್ಷರು ಮತ್ತೆ ಬಂದರು. ಈ ಸಲ ರೂಢಿಯ ಮಾತಿಲ್ಲ. "ಮಷಿನ್ ಎರಡೆರಡ ಸಲ ಹಳ್ಳಾ ದಾಟಿದ್ರ ಡೀಸೆಲ್ ಎಷ್ಟ ಸುಡತೈತಿ, ನೀವ ಹೇಳ್ರಿ? ಹಳ್ಳದಾಚಿ ಹನ್ನೊಂದೂ ಹೊಲಾ ಕೂಡಿಸಿ ಕಡೀಕ ಒಮ್ಮೆ ಮುಗಿಸಿದ್ರ ಆತಲ್ರಿ."

ಇದು ತರ್ಕ. ತರ್ಕ ಎದುರು ಬಂದರೆ ನಾನು ಹಟ ಮಾಡುವವಳಲ್ಲ. ಒಂದೇ ಒಂದು ಸಾಲು ಬರೆದೆ, ಆ ಷರತ್ತಿಗೆ 'ದಾರಿ ಅನುಕೂಲ' ಎಂದು ಹೆಸರಿಟ್ಟೆ. ಹೊಸ ಪಾಳಿಯಲ್ಲಿ ಹನಮವ್ವ ಐವತ್ತೆಂಟು. ಅಧ್ಯಕ್ಷರಿಗೆ ತಾವು ಎಷ್ಟನೆಯವರೆಂದು ನೋಡುವ ಆಸೆಯೂ ಇರಲಿಲ್ಲ. ಎಷ್ಟು ನಿಸ್ವಾರ್ಥ ಮನುಷ್ಯ!

ಒಂದು ವಿಚಿತ್ರ. ಷರತ್ತು ಹಾಕಿದ ಮೇಲೆ ಒಟ್ಟು ಡೀಸೆಲ್ ಕಡಿಮೆಯಾಗುವ ಬದಲು ಅರವತ್ತು ಲೀಟರ್ ಹೆಚ್ಚಾಗಿದೆ. ನಾಳೆ ನೋಡುತ್ತೇನೆ.

ಆ ಹನ್ನೊಂದು ಹೊಲ ಕೇರಿಯವರಿಗೆ ಹಿಂದೆ ಸರ್ಕಾರ ಕೊಟ್ಟದ್ದಂತೆ. ಮುತ್ತಲಕೊಪ್ಪ ಶಾಖೆಯವರು ಫೋನಿನಲ್ಲಿ ಹೇಳಿದರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಕ್ಟೋಬರ್ 1, ಬುಧವಾರ

ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಸರ್ವರಿಗೆ ಹಾಕಿದ ಚೆಂಡುಹೂವಿನ ಒಂದು ಎಸಳು ಫ್ಯಾನಿಗೆ ಸಿಕ್ಕಿ ಕಟಕಟ ಎನ್ನುತ್ತಿತ್ತು. ಚಿಮಟದಲ್ಲಿ ತೆಗೆದೆ. ಹಂಗಾಮು ಸೊಗಸಾಗಿ ನಡೆದಿದೆ. ಸಂಘದ ಇತಿಹಾಸದಲ್ಲೇ ಮೊದಲ ಸಲ ಬೆಲ್ಟ್ ಹರಿದಿಲ್ಲ. ಸಭೆಯಲ್ಲಿ ಅಧ್ಯಕ್ಷರು ನನ್ನನ್ನು ಹೊಗಳಿದರು. ಡೀಸೆಲ್ ವಿಷಯ ನೋಡುವುದು ಮರೆತೇ ಹೋಯಿತು.

ಅಕ್ಟೋಬರ್ 3, ಶುಕ್ರವಾರ

ಮುತ್ತಲಕೊಪ್ಪದ ಯಂತ್ರ ಓಡಿಸುವ ಹಜರತಅಲಿ ಬಂದು ಬಾಗಿಲಲ್ಲಿ ನಿಂತ. "ಮೇಡಂ, ಈ ವರ್ಷ ಬೆಲ್ಟ್ ಹರಿಯೂದು ಯಾವಾಗ್ರಿ?"

ತಮಾಷೆ ಎಂದುಕೊಂಡು, ಹೊಸ ಬೆಲ್ಟು ಯಾಕೆ ಹರಿಯುತ್ತದೆ ಎಂದೆ.

"ಹರೀಬೇಕ್ರಿ. ಹರೀಲಿಲ್ಲಂದ್ರ ಹೆಂಗ? ಆಚಿ ದಂಡಿಗಿ ಸೋಯಾ ಕಾಯಿ ಒಡ್ಯಾಕ ಹತ್ಯಾವು. ಮಂಗಳವಾರ ಮಳಿ ಅಂತಾರ." ನನಗೆ ತಿಳಿಯಲಿಲ್ಲವೆಂದು ನೋಡಿ ತಲೆ ಕೆರೆದುಕೊಂಡ. "ಅಜ್ಜಾರನ್ನ ಕೇಳ್ರಿ."

ಸ್ಕೂಟರ್ ತೆಗೆದುಕೊಂಡು ಮಡಿವಾಳೆಪ್ಪನ ಮನೆಗೆ ಹೋದೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ. ಬೆಲ್ಟಿನ ಕಥೆ ಕೇಳಿದೆ.

"ರಿಪೇರಿ ಆದಮ್ಯಾಲ ಮಷಿನ್ ನಡೀತೈತೋ ಇಲ್ಲೋ ನೋಡಬೇಕಲ್ಲ ಯವ್ವಾ? ಮರದ ಬಾಜೂಕ ಯಾರ ಹೊಲಾ ಬಲತಿರತೈತಿ, ಅದರಾಗ ನಾಕ ಸುತ್ತ ಹೊಡದ ನೋಡೂದು."

ನಾಲ್ಕು ತಾಸು ನೋಡುವುದೇ?

"ಚಲೋತ್ನಂಗ ನೋಡಬೇಕಲ್ಲ. ಮೂರ ಸಲ ನೋಡಿದ್ರ, ಮೊದ್ಲ ಬಲತ ಹೊಲಾ ಎಲ್ಲಾ ಮುಗೀತಿದ್ವು. ತಡಾ ಬಿತ್ತಿದ್ದಷ್ಟ ಕಡೀಕ ಉಳೀತಿದ್ವು."

ಅಧ್ಯಕ್ಷರಿಗೆ ಗೊತ್ತಿತ್ತೇ ಎಂದೆ.

"ಗೊತ್ತಿತ್ತು. ಅಂವಗ ಗೊತ್ತೈತಿ ಅಂತ ನಮಗೂ ಗೊತ್ತಿತ್ತು. ಪಟ್ಟಿಯೊಳಗ ಕಾಣಲಿಲ್ಲಂದ್ರ ಅಂವಗ ಸಾಕು." ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದ. "ನೀ ಬೆಲ್ಟ್ ತಗದಿ ಅಂತ ಕೇಳಿದ್ನಿ. ಶಾಣ್ಯಾ ಅದಾಳ, ತಾನ ತಿಳಕೊಂತಾಳ ಅಂತ ಸುಮ್ಮನಿದ್ನಿ."

ನಾಚಿಕೆಯಾಯಿತು. ಬೈದಿದ್ದರೆ ಇಷ್ಟು ಆಗುತ್ತಿರಲಿಲ್ಲ. ವರದಿಯಲ್ಲಿ ಸೋಮಾರಿತನ ಎಂದು ಬರೆದವಳು ನಾನು. ತಿದ್ದಿದೆ, ನಿಜ. ಆದರೆ ಮೊದಲು ಬರೆದಿದ್ದೆ.

ಅಕ್ಟೋಬರ್ 4, ಶನಿವಾರ

ಬೆಳಿಗ್ಗೆಯೇ ಸರ್ವರಿಗೆ ಹೊಸ ನಮೂದು ತುಂಬಿದೆ: 'ಮುತ್ತಲಕೊಪ್ಪ ಯಂತ್ರ. ಬೆಲ್ಟ್ ದುರಸ್ತಿ. ಹಳ್ಳದಾಚೆ. ನಾಲ್ಕು ತಾಸು.' ಸರ್ವರ್ ಒಂದು ಮಾತೂ ಕೇಳದೆ ನಂಬಿತು. ಇಷ್ಟು ಮುಗ್ಧವೆಂದು ಗೊತ್ತಿರಲಿಲ್ಲ. ಮಡಿವಾಳೆಪ್ಪನವರಿಗೆ ಫೋನಿನಲ್ಲಿ ಹೇಳಿದರೆ ನಕ್ಕರು.

ಹತ್ತು ಗಂಟೆಗೆ ಹಜರತಅಲಿಯ ಫೋನು. "ಮೇಡಂ, ಹನಮವ್ವ ಮಷಿನ್ ಮುಂದ ನಿಂತಾಳ. ಒಳಗ ಬಿಡವಲ್ಲಳು."

ನಾನೇ ಹೋದೆ. ಈ ಊರಿನ ಅರವತ್ತೊಂದು ಹೊಲಗಳ ಉದ್ದ ಅಗಲ ನನಗೆ ಬಾಯಿಪಾಠ. ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. ಆಚೆ ದಂಡೆಯಲ್ಲಿ ಸೋಯಾ ಒಣಗಿ ಕಂದಾಗಿದೆ. ಬಿಸಿಲು ಏರಿದಂತೆ ಕಾಯಿಗಳು ಚಟ್ ಚಟ್ ಎಂದು ಒಡೆದು ಕಾಳು ನೆಲಕ್ಕೆ ಬೀಳುವುದು ಕಿವಿಗೇ ಕೇಳುತ್ತದೆ. ಒಂದು ಮೂಲೆಯನ್ನು ಆಕೆ ಕುಡುಗೋಲಿನಿಂದ ಕೊಯ್ದಿದ್ದಳು.

ಹನಮವ್ವನಿಗೆ ಐವತ್ತರ ಮೇಲೆ ವಯಸ್ಸು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು, ಜಾಗ ಮಾತ್ರ ಬಿಡಲಿಲ್ಲ.

"ನೀವ ಏನ್ರಿ ಸರ್ವರ್ ಅಕ್ಕಾರ? ಇದನ್ನ ಓದ್ರಿ." ಮೊಬೈಲ್ ಮುಂದೆ ಹಿಡಿದಳು. ಎರಡು ಸಂದೇಶ. ನಿಮ್ಮ ಪಾಳಿ 4. ಅದರ ಕೆಳಗೆ, ನಿಮ್ಮ ಪಾಳಿ 58. "ಇಷ್ಟ ವರ್ಷ ಬೆಲ್ಟ್ ಹರೀತಿತ್ತು, ನಾವೂ ಸುಮ್ಮನ ಕೊಯ್ಸಿದ್ವಿ. ನಮ್ಮ ಪಾಳಿ ಅಂದ್ರ ಅಷ್ಟ ಅನ್ಕೊಂಡಿದ್ವಿ. ನಾಕನೇದಾಕಿ ಅಂತ ನಿಮ್ಮ ಸರ್ವರ್ ತಾನಾಗೇ ಬರದ ಕಳಿಸ್ತು. ಅದನ್ನ ಅಳಿಸಿದಾವ್ರು ಯಾರ್ರಿ?"

ಡೀಸೆಲ್ ಎಂದೆ.

"ಡೀಸೆಲ್ಲಿಗೂ ಮಡಿ ಐತೇನ್ರಿ ಅಕ್ಕಾರ?"

ಮಂಗಳವಾರ ಮಳೆ ಬರುತ್ತದೆ, ಈಗ ಕೊಯ್ಸಿಕೋ, ವಾದ ಆಮೇಲೆ ಮಾಡೋಣ ಎಂದೆ.

"ನಾ ಒಬ್ಬಾಕಿ ಕೈಲೆ ಕೊಯ್ದ್ರ ದೀಪಾವಳಿ ಆಕ್ಕೈತಿ. ಗೊತ್ತೈತಿ ನನಗ. ಆದ್ರ ಕಳ್ಳರಂಗ ಕೊಯ್ಸೂದ ಇನ್ನ ಬ್ಯಾಡ. ಷೇರ್ ದುಡ್ಡ ತುಂಬಿದಾಕಿ ನಾನು. ಪಾಳಿ ಪಟ್ಟಿಯೊಳಗ ಬರೀರಿ, ಮಷಿನ್ ಒಳಗ ಬಿಡ್ತೇನಿ."

ಹಜರತಅಲಿ ಹುಣಸೆ ಮರದ ಕೆಳಗೆ ಯಂತ್ರ ನಿಲ್ಲಿಸಿದ. ಈ ಸಲ ನಿಜಕ್ಕೂ ಸುಮ್ಮನೆ ನಿಂತಿತ್ತು.

ಅಕ್ಟೋಬರ್ 5, ಭಾನುವಾರ

ಉಪಾಯ ಹೊಳೆಯಿತು. ಎಷ್ಟು ಸುಲಭ! ಪಟ್ಟಿ ಇದ್ದ ಹಾಗೇ ಇರಲಿ, ಅಧ್ಯಕ್ಷರು ನೋಡುವುದು ಪಟ್ಟಿಯನ್ನು. ಹನಮವ್ವ ನೋಡುವುದು ಮೊಬೈಲನ್ನು. ಅವಳೊಬ್ಬಳ ನಂಬರಿಗೆ ನಾನೇ ಕೈಯಾರೆ ಟೈಪು ಮಾಡಿ ಕಳಿಸಿದೆ: 'ಪರಿಷ್ಕೃತ ಪಾಳಿ. ನಿಮ್ಮ ಪಾಳಿ 4.' ನಾಳೆ ಯಂತ್ರ ಒಳಗೆ ಬಿಡುತ್ತಾಳೆ. ಯಾರ ಮನಸ್ಸಿಗೂ ನೋವಿಲ್ಲ, ಸೋಯಾಕ್ಕೂ ಇಲ್ಲ. ಮಡಿವಾಳೆಪ್ಪನವರಿಗೂ ಇಂಥದ್ದು ಹೊಳೆದಿರಲಿಕ್ಕಿಲ್ಲ. ಅವರ ಬಳಿ ಮೊಬೈಲ್ ಸಂದೇಶದ ಸೌಲಭ್ಯ ಇರಲಿಲ್ಲವಲ್ಲ.

ಅಕ್ಟೋಬರ್ 7, ಮಂಗಳವಾರ

ನಾಲ್ಕೂವರೆಗೆ ಮಳೆ ಹಿಡಿಯಿತು. ಅಷ್ಟರೊಳಗೆ ಹಳ್ಳದಾಚೆಯ ಹನ್ನೊಂದರಲ್ಲಿ ಒಂಬತ್ತು ಹೊಲದ ಕಾಳು ಚೀಲಕ್ಕೆ ಬಿದ್ದಿತ್ತು. ಹಜರತಅಲಿ ಎರಡು ದಿನ ಊಟಕ್ಕೂ ಇಳಿಯದೆ ಯಂತ್ರ ಓಡಿಸಿದ. ಹನಮವ್ವನ ಬೆಳೆಯಲ್ಲಿ ಕಾಲು ಭಾಗ ಸಿಡಿದು ನೆಲಕ್ಕೆ ಹೋಗಿದೆ, ಉಳಿದದ್ದು ಕೈಗೆ ಬಂತು. ಎರಡು ಹೊಲ ತೋಯ್ದವು. ನನಗೆ ಮಂಡಳಿಯ ನೋಟೀಸು ಬಂದಿದೆ, ಮೂರು ದಿನದಲ್ಲಿ ಉತ್ತರಿಸಬೇಕಂತೆ. ಕೆಲಸ ಉಳಿಯಲಿಕ್ಕಿಲ್ಲ. ಇಲಿಗಳಿಗೆ ಸಂತೋಷವಾಗಬಹುದು.

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆಯುತ್ತೇನೆ.

ನಿನ್ನೆ ಮುಂಜಾನೆ ಮೊದಲ ಬಸ್ಸಿಗೆ ಹನಮವ್ವ ಬಂದಳು. ಒಬ್ಬಳೇ ಅಲ್ಲ. ದುಂಡವ್ವ, ಹುಚ್ಚಪ್ಪ, ಇನ್ನೂ ಎಂಟು ಮಂದಿ. ಹಳ್ಳದಾಚೆಯ ಹನ್ನೊಂದೂ ಹೊಲದವರು ಗೋದಾಮಿನ ಆ ಕೋಣೆಯಲ್ಲಿ ಹೇಗೋ ಹಿಡಿಸಿಕೊಂಡರು. ಯಾರೂ ಕೂಗಾಡಲಿಲ್ಲ. ಒಬ್ಬೊಬ್ಬರೇ ಮೊಬೈಲ್ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಐವತ್ತೊಂದು, ಐವತ್ತೆರಡು, ಹೀಗೆ ಅರವತ್ತೊಂದರವರೆಗೆ. ನಡುವೆ ಒಂದರಲ್ಲಿ ಮಾತ್ರ ನಾಲ್ಕು.

"ನನಗೊಬ್ಬಾಕಿಗೆ ಯಾಕ ಬಂತು ಅಂತ ಎಲ್ಲಾರ ಮೊಬೈಲೂ ನೋಡಿದೆ," ಎಂದಳು ಹನಮವ್ವ. "ಇದು ಸರ್ವರ್ ಬರದಿದ್ದೋ, ನೀವ ಬರದಿದ್ದೋ?"

ಸರ್ವರ್ ಎಂದುಬಿಡಬಹುದಿತ್ತು. ಹೇಳಲು ಬಾಯಿ ತೆರೆದದ್ದೂ ಹೌದು. ಅವಳು ಹನ್ನೊಂದು ಮೊಬೈಲುಗಳನ್ನೂ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಯಂತ್ರ ಮರದ ಕೆಳಗೆ ನಿಂತು ಎರಡು ದಿನವಾಗಿತ್ತು, ಅಷ್ಟು ದಿನವೂ ಅವಳ ಕಾಳು ನೆಲಕ್ಕೆ ಉದುರುತ್ತಲೇ ಇತ್ತು. ನನಗೆ ಆದ ನಾಚಿಕೆಯನ್ನು ಬರೆಯಲಾರೆ. ನಾನೇ ಬರೆದದ್ದು ಎಂದೆ.

ತಾಂತ್ರಿಕವಾಗಿ ನಾನು ಮಾಡಿದ್ದು ದೊಡ್ಡದೇನಲ್ಲ. ಕಡತ ತೆರೆದೆ, 'ದಾರಿ ಅನುಕೂಲ' ಎಂಬ ಸಾಲನ್ನು ಅವರಿಗೆ ತೋರಿಸಿದೆ, ಅಳಿಸಿದೆ. ಬೆಲ್ಟ್ ದುರಸ್ತಿಯನ್ನೂ ಅಳಿಸಿದೆ. ಉಳಿದ ಹೊಲಗಳಷ್ಟರ ಲೆಕ್ಕ ಮತ್ತೆ ಓಡಿಸಿದೆ. ನಾಲ್ಕೇ ಸೆಕೆಂಡು. ದುಂಡವ್ವ ಒಂದು, ಹನಮವ್ವ ಎರಡು. ಡೀಸೆಲ್ ಕೂಡ ಇಳಿಯಿತು. ಸದಸ್ಯರೆಲ್ಲರಿಗೂ ಸಂದೇಶ ಹೋಯಿತು, ಮೇಜಿನ ಮೇಲಿನ ಮೊಬೈಲುಗಳು ಒಂದರ ಹಿಂದೆ ಒಂದು ಸದ್ದು ಮಾಡಿದವು. ಹುಚ್ಚಪ್ಪ ತನ್ನದನ್ನು ಎತ್ತಿ ಎರಡು ಸಲ ಓದಿ, ಅಂಗಿಯ ಜೇಬಿಗಿಟ್ಟು, ಜೇಬಿನ ಗುಂಡಿ ಹಾಕಿಕೊಂಡ.

ಆಗ ನನ್ನ ಫೋನ್ ಹೊಡೆದುಕೊಂಡಿತು. ಅಧ್ಯಕ್ಷರು. ಒಂದು ಸಲ ನಿಂತು, ಮತ್ತೆ ಶುರುವಾಯಿತು.

"ಎತ್ರಿ ಅಕ್ಕಾರ," ಎಂದಳು ಹನಮವ್ವ.

ಎತ್ತಿದೆ.

"ಸರ್ವರ್ ಕೆಟ್ಟೈತೇನ್ರಿ?" ಎಂದರು ಅಧ್ಯಕ್ಷರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೆಟ್ಟಿದ್ರ ಹೂಂ ಅನ್ರಿ, ಯಾರೂ ನಿಮಗೇನೂ ಅನ್ನೂದಿಲ್ಲ. ನಾವು ನೋಡ್ಕೊಂತೀವಿ."

ಕೋಣೆಯಲ್ಲಿ ಹನ್ನೊಂದು ಜನ ನಿಂತಿದ್ದರು.

"ಇಲ್ರಿ," ಅಂದೆ. "ಸರ್ವರ್ ನೆಟ್ಟಗೈತಿ. ಆ ಸಾಲು ಬರದಾಕಿನೂ ನಾನ, ಅಳಿಸಿದಾಕಿನೂ ನಾನ."